ನೀನು ಮನೆಗೆ ಬಂದರೆ ಸಾಕು

ಫೆಬ್ರವರಿ 11

ಅಪ್ಪ,

ಈ ವರ್ಷ ಅಮ್ಮನ ತಿಥಿಗೆ ಮನೆಯಲ್ಲಿರುತ್ತೇನೆ ಎಂದಿದ್ದೆ. ಇರಲಿಲ್ಲ. ಫೋನ್ ಮಾಡಿದಾಗ ನೀನು "ಆಯ್ತು ಬಿಡು" ಎಂದು ಇಟ್ಟುಬಿಟ್ಟೆ. ನಿನ್ನ "ಆಯ್ತು ಬಿಡು" ನನಗೆ ಚಿಕ್ಕಂದಿನಿಂದ ಗೊತ್ತು. ಅದರಲ್ಲಿ ಆಗುವುದೂ ಇಲ್ಲ, ಬಿಡುವುದೂ ಇಲ್ಲ. ಫೋನಿನಲ್ಲಿ ನಾವಿಬ್ಬರೂ ನಾಲ್ಕು ಮಾತಾಡುವಷ್ಟರಲ್ಲಿ ಮುಖ ತಿರುಗಿಸಿಕೊಳ್ಳುತ್ತೇವೆ, ಮುಖ ಕಾಣಿಸದಿದ್ದರೂ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ನೀನು ಅರ್ಧಕ್ಕೇ ಇಟ್ಟುಬಿಡಲಾರೆ.

ಹಿಂದಿನ ದಿನ ಬ್ಯಾಗು ತುಂಬಿಕೊಂಡೇ ಕೆಲಸಕ್ಕೆ ಹೋಗಿದ್ದೆ, ಪಾಳಿ ಮುಗಿಸಿ ನೇರ ಬಸ್ಸಿಗೆ ಹೋಗೋಣ ಎಂದು. ಮಧ್ಯಾಹ್ನದ ಪಾಳಿಗೆ ಬರಬೇಕಾದವಳು ಬರಲೇ ಇಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿಕೊಂಡಳಂತೆ. ಇನ್ನೊಬ್ಬಳಿಗೆ ಜ್ವರ. ನಮ್ಮ ದೊಡ್ಡ ಸಿಸ್ಟರ್ ಬಂದು ಎದುರಿಗೆ ನಿಂತರು. ವಾರ್ಡಿನ ಹಿರಿಯ ನರ್ಸನ್ನು ನಾವೆಲ್ಲ ಹಾಗೇ ಕರೆಯುವುದು. ಅವರು ಇರು ಎನ್ನಲಿಲ್ಲ. ನನ್ನ ಬ್ಯಾಗನ್ನು ನೋಡಿದರು, ಆಮೇಲೆ ಕಿಟಕಿಯ ಕಡೆ ನೋಡಿದರು. ಇರು ಎಂದಿದ್ದರೆ ಆಗಲ್ಲ ಎನ್ನಬಹುದಿತ್ತು. ಬ್ಯಾಗನ್ನು ಮೇಜಿನ ಕೆಳಗೆ ತಳ್ಳಿದೆ.

ನಿನಗೆ ಗೊತ್ತಿರುವ ಹಾಗೆ ನಮ್ಮದು ದಿನ ತುಂಬುವ ಮುಂಚೆ ಹುಟ್ಟಿದ ಮಕ್ಕಳ ವಾರ್ಡು. ನಿನ್ನ ಅಂಗಡಿಯ ದೊಡ್ಡ ಬ್ರೆಡ್ಡಿಗಿಂತ ಹಗುರವಾದ ಮಕ್ಕಳು. ಒಬ್ಬ ನರ್ಸು ಇಬ್ಬರು ಮಕ್ಕಳನ್ನು ನೋಡಿಕೊಳ್ಳಬೇಕು ಎಂದು ನಮಗೆ ಕಲಿಸಿದ್ದರು. ಈಗ ಹಾಗೆಂದರೆ ಎಲ್ಲರೂ ನಗುತ್ತಾರೆ.

ಮೇ ತಿಂಗಳಲ್ಲಿ ಸರ್ಕಾರ ಎಲ್ಲರ ಮತ ಕೇಳುತ್ತಿದೆಯಲ್ಲ, ಸರ್ಕಾರಿ ಆಸ್ಪತ್ರೆಗಳಿಗಾಗಿ ಸಂಬಳದಿಂದ, ಅಂಗಡಿಯ ಆದಾಯದಿಂದ ಸ್ವಲ್ಪ ಹೆಚ್ಚು ತೆರಿಗೆ ಕೊಡುತ್ತೀರಾ ಎಂದು, ಅದಕ್ಕೆ ಹೌದು ಎಂದು ಹಾಕು ಅಪ್ಪ. ನಾನು ನಿನ್ನಲ್ಲಿ ಏನನ್ನಾದರೂ ಕೇಳಿ ಬಹಳ ವರ್ಷವಾಯಿತು.

ಅತ್ತೆಯ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಹೇಳು. ಕೇಳುವುದಿಲ್ಲ ಎಂದು ಗೊತ್ತು, ಆದರೂ ಹೇಳು.

ನಿನ್ನ
ಪುಟ್ಟಿ


ಫೆಬ್ರವರಿ 22

ಪುಟ್ಟಿ,

ಕಾಗದ ಬಂತು. ಪೂರ್ತಿ ಓದಿದೆ, ಅರ್ಧಕ್ಕೆ ಇಡಲಿಲ್ಲ.

ನಿನ್ನ ಅತ್ತೆ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದಾಳೆ. ಈಗ ಕೆಳಗೆ ಗಲ್ಲಾದಲ್ಲಿ ಕೂತು ಗಿರಾಕಿಗಳ ತಲೆಯ ಮೇಲೆ ಹತ್ತುತ್ತಿದ್ದಾಳೆ. ನಿನ್ನೆ ಒಬ್ಬ ಬನ್ನನ್ನು ಒತ್ತಿ ನೋಡಿದ ಎಂದು, "ಏನು, ನಾಡಿ ನೋಡ್ತಿದೀರಾ?" ಎಂದಳು. ಅವನು ತಗೊಳ್ಳದೆ ಹೋದ. ಒಲೆಯ ಒಳಗೋಡೆಯ ಇಟ್ಟಿಗೆ ಸಡಿಲವಾಗಿದೆ. ಶಾಖ ಒಂದೇ ಕಡೆ ಕೂರುತ್ತದೆ, ಎಡಗಡೆಯ ಬ್ರೆಡ್ಡು ಕಪ್ಪಾಗುತ್ತದೆ. ರಿಪೇರಿ ಮಾಡಿಸಬೇಕು.

ಆ ಮತದ ವಿಷಯ. ವರ್ತಕರ ಸಂಘದ ಅಧ್ಯಕ್ಷರು, ಅದೇ ನಮ್ಮ ಎದುರಿನ ಬಟ್ಟೆ ಅಂಗಡಿಯವರು, ಒಂದು ಪೋಸ್ಟರ್ ತಂದುಕೊಟ್ಟಿದ್ದಾರೆ. "ಕೊಟ್ಟದ್ದು ಸಾಕು. ಬೇಡ ಎನ್ನಿ" ಎಂದು ದೊಡ್ಡದಾಗಿ ಬರೆದಿದೆ. ಗಾಜಿಗೆ ಅಂಟಿಸಿ ಎಂದರು. ಅಂಟಿಸಿಲ್ಲ. ಸುರುಳಿ ಸುತ್ತಿ ರಸ್ಕಿನ ಡಬ್ಬದ ಮೇಲೆ ಇಟ್ಟಿದ್ದೇನೆ. ಆದರೆ ಅವರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ ಪುಟ್ಟಿ. ಹಿಟ್ಟು ಏರಿದೆ, ಕರೆಂಟು ಏರಿದೆ, ಕೆಲಸದವರನ್ನು ಬಿಡುವ ಹಾಗಿಲ್ಲ. ಇಲ್ಲಿಯವರೆಗೆ ಕೊಟ್ಟದ್ದು ಎಲ್ಲಿ ಹೋಯಿತು ಎಂದು ಯಾರೂ ಹೇಳುವುದಿಲ್ಲ, ಮೇಲೆ ಇನ್ನಷ್ಟು ಕೊಡಿ ಎನ್ನುತ್ತಾರೆ.

ಮೂಲೆಯ ನರ್ಸಿಂಗ್ ಹೋಮಿನ ಡಾಕ್ಟರು ದಿನಾ ಬೆಳಿಗ್ಗೆ ಬ್ರೆಡ್ಡಿಗೆ ಬರುತ್ತಾರೆ. "ನಿಮ್ಮ ಮಗಳನ್ನ ಇಲ್ಲಿಗೇ ಕರೆಸಿಕೊಳ್ಳಿ, ನಮ್ಮಲ್ಲೇ ಕೆಲಸ ಇದೆ" ಎಂದರು. ನಿನ್ನ ಕೋಣೆಯ ಕಿಟಕಿಗೆ ಹೊಸ ಬಣ್ಣ ಹೊಡೆಸಿದ್ದೇನೆ. ಅದು ಈ ಮಾತಿಗೆ ಸಂಬಂಧಪಟ್ಟದ್ದಲ್ಲ, ಸುಮ್ಮನೆ ಹೇಳಿದೆ.

ಅಪ್ಪ


ಮಾರ್ಚ್ 9

ಅಪ್ಪ,

ಕೊಟ್ಟದ್ದು ಎಲ್ಲಿ ಹೋಯಿತು ಎಂದು ಕೇಳಿದ್ದೀಯ. ಎಲ್ಲದರ ಲೆಕ್ಕ ನನಗೆ ತಿಳಿಯದು. ನನ್ನ ಕಣ್ಣಿಗೆ ಕಾಣುವಷ್ಟನ್ನು ಹೇಳುತ್ತೇನೆ.

ಬೇಗ ಹುಟ್ಟಿದ ಮಕ್ಕಳು ಉಸಿರಾಡುವುದನ್ನು ಮರೆತುಬಿಡುತ್ತವೆ. ನಿಜವಾಗಿಯೂ ಮರೆಯುತ್ತವೆ. ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ, ಯಂತ್ರ ಕೂಗುತ್ತದೆ. ಆಗ ನಾವು ಹೋಗಿ ಅಂಗಾಲಿಗೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತೇವೆ. ಮಗುವಿಗೆ ನೆನಪಾಗುತ್ತದೆ, ಎದೆ ಏಳುತ್ತದೆ. ಹೆಚ್ಚಿನ ಸಲ ಅಷ್ಟೇ ಸಾಕು. ಔಷಧ ಬೇಡ, ದೊಡ್ಡ ಡಾಕ್ಟರು ಬೇಡ, ಹೋಗಿ ತಟ್ಟುವ ಒಂದು ಕೈ ಬೇಕು. ಯಂತ್ರಗಳು ನಮ್ಮಲ್ಲಿ ಸಾಕಷ್ಟಿವೆ. ಕೂಗುವುದಕ್ಕೆ ಯಂತ್ರಗಳಿವೆ, ಕೇಳಿಸಿಕೊಂಡು ಹೋಗುವುದಕ್ಕೆ ಜನ ಇಲ್ಲ.

ಮೊನ್ನೆ ಎರಡು ಯಂತ್ರ ಒಟ್ಟಿಗೆ ಕೂಗಿದವು. ಒಂದು ಬಾಗಿಲ ಹತ್ತಿರ, ಇನ್ನೊಂದು ಕಿಟಕಿಯ ಹತ್ತಿರ. ಕೋಣೆಯಲ್ಲಿ ನಾನೊಬ್ಬಳೇ. ಬಾಗಿಲಿನ ಮಗುವಿಗೆ ತಟ್ಟಿ, ಅದರ ಎದೆ ಎದ್ದಿತೋ ಇಲ್ಲವೋ ಎಂದು ನೋಡಲೂ ನಿಲ್ಲದೆ ಕಿಟಕಿಗೆ ಓಡಿದೆ. ಎರಡೂ ಉಳಿದವು. ಆಮೇಲೆ ಕೈ ತೊಳೆಯಲು ಹೋದವಳು ನಲ್ಲಿ ತಿರುಗಿಸಿ ಸುಮ್ಮನೆ ನಿಂತಿದ್ದೆನಂತೆ. ದೊಡ್ಡ ಸಿಸ್ಟರ್ ಬಂದು ನಲ್ಲಿ ನಿಲ್ಲಿಸಿದರು.

ನರ್ಸಿಂಗ್ ಹೋಮಿನಲ್ಲಿ ನನಗೆ ಕೆಲಸ ಇರಬಹುದು. ಈ ಮಕ್ಕಳಿಗೆ ಅಲ್ಲಿ ಜಾಗ ಇಲ್ಲ. ಅಲ್ಲಿ ತೊಂದರೆಯಾದ ಮಕ್ಕಳನ್ನೂ ಕೊನೆಗೆ ನಮ್ಮ ಹತ್ತಿರವೇ ಕಳಿಸುವುದು.

ಒಂದು ಸಲ ಬಂದು ನೋಡು ಅಪ್ಪ. ನೋಡಿದ ಮೇಲೆ ನಿನಗೆ ಸರಿ ಕಂಡಂತೆ ಮಾಡು.

ಪುಟ್ಟಿ


ಏಪ್ರಿಲ್ 3

ಪುಟ್ಟಿ,

ಬಂದೆ, ನೋಡಿದೆ, ವಾಪಸು ಬಂದು ಸೇರಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಏನೂ ತೊಂದರೆಯಾಗಲಿಲ್ಲ.

ನೀನು ಹೇಳಿದ್ದೆಲ್ಲ ನಿಜ. ನಾನು ಬೆಂಚಿನ ಮೇಲೆ ಕೂತಿದ್ದ ಆ ಹೊತ್ತಿನಲ್ಲಿ ನನ್ನ ಪಕ್ಕದ ಹುಡುಗಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು. ಯಾರೋ ಏನೋ. ಅವಳ ಮಗು ಒಳಗಿದೆಯಂತೆ. ಎದ್ದು ನಾಚಿಕೊಂಡು, "ಅಂಕಲ್, ನೀವು ಯಾರಿಗಾಗಿ ಬಂದಿದೀರಿ?" ಎಂದಳು. "ನನ್ನ ಮಗಳಿಗಾಗಿ" ಎಂದೆ. ಅವಳು ನಿನ್ನನ್ನೂ ಒಳಗೆ ಆ ಮಕ್ಕಳ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದಾರೆ ಎಂದುಕೊಂಡಳೋ ಏನೋ, "ಹುಷಾರಾಗ್ತಾಳೆ ಬಿಡಿ" ಎಂದು ಧೈರ್ಯ ಹೇಳಿದಳು.

ನೀನು ಎರಡು ಸಲ ಹೊರಗೆ ಬಂದೆ. ಮೊದಲ ಸಲ ನಿಂತುಕೊಂಡೇ ಒಂದು ಬನ್ನು ತಿಂದೆ. ನಾನು ಮಾಡಿದ ಬನ್ನು, ನಿನಗೆಂದು ಒಣದ್ರಾಕ್ಷಿ ಹೆಚ್ಚು ಹಾಕಿದ್ದೆ. ಏನು ತಿನ್ನುತ್ತಿದ್ದೀಯ ಎಂದು ನಿನಗೇ ಗೊತ್ತಿರಲಿಲ್ಲ. ಎರಡನೇ ಸಲ ನನ್ನ ಜೊತೆ ಮಾತಾಡುತ್ತಾ ಆಡುತ್ತಾ ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ನಿಂತಲ್ಲೇ ನಿದ್ದೆ. ಕೂಗಲೋ ಬೇಡವೋ ಎಂದು ನಾನು ನೋಡುತ್ತಿದ್ದಾಗ ಒಳಗೆ ಯಂತ್ರ ಕೂಗಿತು, ನೀನು ಕಣ್ಣು ಬಿಡುವ ಮುಂಚೆಯೇ ಓಡಿದ್ದೆ. ನಿನ್ನ ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿದೆ. ಬಾಗಿಲ ಗಾಜಿನಿಂದ ನೋಡಿದೆ, ನೀನು ತಟ್ಟುವುದನ್ನು. ಅಷ್ಟು ಮೆಲ್ಲಗೆ ಏನನ್ನಾದರೂ ಮುಟ್ಟಬಹುದು ಎಂದು ನನಗೆ ಗೊತ್ತಿರಲಿಲ್ಲ.

ಇದನ್ನೆಲ್ಲ ನೋಡಿದ ಮೇಲೆ ಅಪ್ಪ ಹೌದು ಎನ್ನುತ್ತಾನೆ ಎಂದು ನೀನು ಅಂದುಕೊಂಡಿರಬೇಕು. ನನಗೆ ಹಾಗಾಗಲಿಲ್ಲ. ದಾರಿಯುದ್ದಕ್ಕೂ ಸಿಟ್ಟು ಬಂತು. ಇವರು ನನ್ನ ಮಗಳನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದಾರೆ, ಇದಕ್ಕೆ ನಾನೇ ಕೈಯಾರೆ ಇನ್ನಷ್ಟು ಕೊಡಬೇಕಂತೆ. ಕೊಟ್ಟರೆ ಅದು ಇನ್ನೂ ಹತ್ತು ವರ್ಷ ನಡೆಯುತ್ತದೆ, ನೀನೂ ಅದರೊಳಗೇ ಹತ್ತು ವರ್ಷ ಓಡುತ್ತೀಯ. ನಿಂತುಹೋದರೆ ನಿನಗೆ ಬಿಡುಗಡೆ.

ಇನ್ನೊಂದು ಮಾತು. ಇಷ್ಟು ವರ್ಷ ಆಡಲಿಲ್ಲ. ನಿನ್ನ ಅಮ್ಮ ಕೊನೆಯ ವಾರ ಬಾಗಿಲ ಕಡೆಗೇ ತಿರುಗಿ ಮಲಗುತ್ತಿದ್ದಳು. ನೋವಾಗುತ್ತದೆ, ಈ ಮಗ್ಗುಲಿಗೆ ತಿರುಗು ಎಂದರೂ ಕೇಳುತ್ತಿರಲಿಲ್ಲ. ನೀನು ಬಂದಾಗ ಎಲ್ಲ ಮುಗಿದಿತ್ತು. ರಜೆ ಸಿಗಲಿಲ್ಲ ಎಂದೆ. ನಾನು "ಆಯ್ತು ಬಿಡು" ಎಂದೆ.

ಪೋಸ್ಟರನ್ನು ಇವತ್ತು ಗಾಜಿಗೆ ಅಂಟಿಸಿದ್ದೇನೆ. ಬೇಡ ಎಂದೇ ಹಾಕುತ್ತೇನೆ. ನಿನಗೆ ಹೇಳದೆ ಹಾಕಬಹುದಿತ್ತು. ಹಾಗೆ ಮಾಡುವ ಮನಸ್ಸಾಗಲಿಲ್ಲ. ನಮಗೆ ಹಣ ಬೇಡ, ಹೆಸರು ಬೇಡ. ನೀನು ಮನೆಗೆ ಬಂದರೆ ಸಾಕು.

ಅಪ್ಪ


ಏಪ್ರಿಲ್ 12

ಅಪ್ಪ,

ಬನ್ನನ್ನು ಎಲ್ಲರೂ ತಿಂದರು. ದೊಡ್ಡ ಸಿಸ್ಟರ್ ಎರಡು ತಿಂದರು. ಅವರು ಊಟ ಮಾಡಿದ್ದನ್ನೇ ನಾನು ನೋಡಿಲ್ಲ, ಆದ್ದರಿಂದ ಇದು ನಿನಗೆ ತಿಳಿಯಬೇಕು.

ಅಮ್ಮನ ಆ ವಾರದ ಬಗ್ಗೆ ಬರೆದಿದ್ದೀಯ. ಆ ವಾರ ನಾನು ಬರಬೇಕಿದ್ದರೆ ನನ್ನ ಜಾಗದಲ್ಲಿ ನಿಲ್ಲಲು ಇನ್ನೊಬ್ಬಳು ಬೇಕಿತ್ತು. ಇನ್ನೊಬ್ಬಳು ಇರಲಿಲ್ಲ. ಆ ಇನ್ನೊಬ್ಬಳನ್ನು ನೇಮಿಸಿಕೊಳ್ಳುವುದಕ್ಕೇ ಈಗ ಹಣ ಕೇಳುತ್ತಿರುವುದು. ನೀನು ಬೇಡ ಎನ್ನುತ್ತಿರುವುದು ಅವಳನ್ನು.

ಇದಕ್ಕಿಂತ ಹೆಚ್ಚು ಬರೆದರೆ ಹರಿದು ಹಾಕಬೇಕಾಗುತ್ತದೆ. ಈಗಾಗಲೇ ಒಂದು ಹರಿದಿದ್ದೇನೆ.

ಪುಟ್ಟಿ


ಮೇ 19

ಪುಟ್ಟಿ,

ನೀನು ಪತ್ರಿಕೆಯಲ್ಲಿ ಓದಿರುತ್ತೀಯ. ಬೇಡ ಎನ್ನುವುದೇ ಗೆದ್ದಿತು. ನಮ್ಮ ಊರಿನಲ್ಲಂತೂ ಬಹಳ ದೊಡ್ಡ ಅಂತರ.

ವರ್ತಕರ ಸಂಘದವರು ದೊಡ್ಡ ಕೇಕು ಹೇಳಿದ್ದರು. ಬೇರೆಯವರಿಗೆ ಹೇಳಿದ್ದರೆ ಒಳ್ಳೆಯದಿತ್ತು, ಆದರೆ ಸದಸ್ಯನ ಬೇಕರಿ ಇರುವಾಗ ಬೇರೆ ಕಡೆ ಯಾಕೆ ಹೋಗುತ್ತಾರೆ. ಮೇಲೆ "ಜಯ" ಎಂದು ಬರೆಯಬೇಕು ಎಂದರು. ಕೇಕಿನ ಮೇಲೆ ಬರೆಯುವ ನಮ್ಮ ಹುಡುಗಿ ರಜೆಯಲ್ಲಿದ್ದಳು, ನಾನೇ ಬರೆದೆ. ಎರಡೇ ಅಕ್ಷರ. ಕೆನೆ ನೀರಾಗಿತ್ತೋ ಏನೋ, "ಯ" ಸ್ವಲ್ಪ ಜಾರಿತು. ಯಾರೂ ಗಮನಿಸಲಿಲ್ಲ. ಬಟ್ಟೆ ಅಂಗಡಿಯವರು ತಾವೇ ಒಂದು ತುಂಡು ತಂದು ಕೊಟ್ಟರು. ಹಲ್ಲುನೋವು ಎಂದೆ.

ಈಗ ಜಗಳ ಮುಗಿಯಿತು ಎಂದುಕೊಳ್ಳೋಣ. ನೀನು ಮಾಡುವಷ್ಟು ಮಾಡಿದ್ದೀಯ. ಜನಕ್ಕೇ ಬೇಡದ ಮೇಲೆ ನೀನೊಬ್ಬಳು ಎಷ್ಟೆಂದು ಹೊರುತ್ತೀಯ? ಬಂದುಬಿಡು. ಯಾವಾಗ ಬರುತ್ತೀಯ ಎಂದು ಎರಡು ಸಾಲು ಬರೆ.

ಅಪ್ಪ


ಜೂನ್ 25

ಪುಟ್ಟಿ,

ಹಿಂದಿನ ಕಾಗದ ತಲುಪಲಿಲ್ಲವೇನೋ. ಅಂಚೆಯವನನ್ನು ಕೇಳಿದೆ. ಹೋಗಿರುತ್ತದೆ ಎಂದ. ಫೋನು ಮಾಡಿದರೆ ನೀನು ವಾರ್ಡಿನಲ್ಲಿರುತ್ತೀಯ, ಇಲ್ಲವೇ ಮಲಗಿರುತ್ತೀಯ.

ಒಲೆಯ ಇಟ್ಟಿಗೆ ಹಾಕಿಸಿದೆ. ಈಗ ಎರಡೂ ಕಡೆ ಸಮವಾಗಿ ಬೇಯುತ್ತದೆ. ಬೇರೆ ವಿಶೇಷ ಇಲ್ಲ.

ಅಪ್ಪ


ಆಗಸ್ಟ್ 14

ಮಗಳೇ,

ಇದು ನಿನ್ನ ಅತ್ತೆ ಬರೆಯುತ್ತಿರುವುದು. ಅಕ್ಷರ ಕಾಗೆ ಕಾಲಿನ ಹಾಗಿದ್ದರೆ ಸಹಿಸಿಕೋ, ಕನ್ನಡಕವನ್ನು ಎಲ್ಲೋ ಇಟ್ಟಿದ್ದೇನೆ.

ನಿಮ್ಮಪ್ಪನಿಗೆ ಹೇಳದೆ ಬರೆಯುತ್ತಿದ್ದೇನೆ. ನನ್ನ ತಮ್ಮ ಹುಟ್ಟಿದಾಗಿನಿಂದ ಮೊಂಡ, ಅದು ನಿನಗೂ ಬಂದಿದೆ. ಇಬ್ಬರೂ ಗೋಡೆ ಥರ ನಿಂತರೆ ನಡುವೆ ಸಿಕ್ಕಿಹಾಕಿಕೊಳ್ಳುವುದು ನಾನು. ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ಅವನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಾನೆ. ಕರೆಂಟಿನ ಬಿಲ್ಲು ಬಂದಿರುತ್ತದೆ. ಅದನ್ನೇ ತಿರುಗಿಸಿ ಮುರುಗಿಸಿ ನೋಡಿ ಇಡುತ್ತಾನೆ. ಆ ಪೋಸ್ಟರನ್ನು ಕಿತ್ತು ಹಾಕಿದ್ದಾನೆ, ಆದರೆ ಅಂಟು ಹೋಗಿಲ್ಲ. ಬಿಸಿನೀರು ಹಾಕಿ ಉಜ್ಜಿದ, ಬ್ಲೇಡಿನಿಂದ ಕೆರೆದ. ಗಾಜಿನ ಮೇಲೆ ಚೌಕಾಕಾರ ಇನ್ನೂ ಕಾಣುತ್ತದೆ. "ಬಿಡೋ, ಯಾರು ನೋಡ್ತಾರೆ" ಎಂದೆ. "ನಾನು ನೋಡ್ತೀನಲ್ಲ ಅಕ್ಕ" ಎಂದ.

ಅವನು ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ನಾನು ಹೌದು ಎಂದು ಹಾಕಿದೆ. ಅವನಿಗೆ ಹೇಳಬೇಡ. ನನ್ನ ಮಂಡಿಗೆ ಮದ್ದು ಕೊಡುವುದು ಸರ್ಕಾರಿ ಆಸ್ಪತ್ರೆಯೇ. ಆದರೆ ಅವನು ಆಸ್ಪತ್ರೆಯ ಮೇಲಿನ ಸಿಟ್ಟಿಗೆ ಮಾಡಲಿಲ್ಲ. ನೀನು ಬೇಕು ಎಂದು ಮಾಡಿದ. ಪ್ರೀತಿಯಿಂದ ಮಾಡಿದ್ದು ಎಲ್ಲ ಸರಿಯಾಗುವುದಿಲ್ಲ, ಅದು ನನಗೂ ಗೊತ್ತು.

ಬೈದಾದರೂ ಎರಡು ಸಾಲು ಬರೆ. ಅವನಿಗೆ ಬೈಗುಳವೂ ಈಗ ಊಟದ ಹಾಗೆ.

ನಿನ್ನ ಅತ್ತೆ


ಸೆಪ್ಟೆಂಬರ್ 28

ಅಪ್ಪ,

ನಿನ್ನ ಎರಡು ಕಾಗದಗಳೂ ಬಂದಿದ್ದವು. ಅತ್ತೆಯದೂ. ಉತ್ತರ ಬರೆಯಲು ಕೂತಾಗೆಲ್ಲ ಏಪ್ರಿಲ್ಲಿನಲ್ಲಿ ಹರಿದ ಕಾಗದವೇ ಮತ್ತೆ ಬರುತ್ತಿತ್ತು. ಈಗ ಅದು ಬರುತ್ತಿಲ್ಲ, ಸಿಟ್ಟು ಹೋಗಿದೆ. ಹೋದದ್ದು ಒಳ್ಳೆಯದಕ್ಕೋ ಅಲ್ಲವೋ ತಿಳಿಯದು.

ಮೇ ಆದ ಮೇಲೆ ಹೊಸ ನೇಮಕ ನಿಂತಿತು. ತಾತ್ಕಾಲಿಕ ಕೆಲಸದಲ್ಲಿದ್ದವರು ಕಾದು ಕಾದು ಒಬ್ಬೊಬ್ಬರೇ ಹೋದರು. ಅವರನ್ನು ಬೈಯುವ ಹಾಗಿಲ್ಲ.

ಈ ತಿಂಗಳ ಮೊದಲ ವಾರ ಒಂದು ಮಧ್ಯಾಹ್ನ ನನ್ನ ಜೊತೆಗಿದ್ದವಳು ಹೆರಿಗೆ ಕೋಣೆಯಿಂದ ಒಂದು ಮಗುವನ್ನು ತರಲು ಹೋದಳು. ನಾನೊಬ್ಬಳೇ ಇದ್ದೆ. ಎರಡು ಯಂತ್ರ ಒಟ್ಟಿಗೆ ಕೂಗಿದವು. ಮೊದಲೂ ಹಾಗಾಗಿತ್ತು, ಬರೆದಿದ್ದೆ. ಈ ಸಲ ಗೋಡೆಯ ಪಕ್ಕದ ಮಗು ನೀಲಿಯಾಗಿತ್ತು, ಅದರ ಹತ್ತಿರ ಹೋದೆ. ತಟ್ಟಿದೆ, ಏಳಲಿಲ್ಲ. ಬೆನ್ನು ಉಜ್ಜಿದೆ, ಬಾಯಿಗೆ ಗಾಳಿಯ ಚೀಲ ಹಿಡಿದು ಒತ್ತಿದೆ. ಬಹಳ ಹೊತ್ತಾದ ಮೇಲೆ ಬಣ್ಣ ಬಂತು. ಇನ್ನೊಂದರ ಕೂಗನ್ನು ನಾನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೆ. ತಿರುಗಿ ನೋಡಿದಾಗ ಅದರ ಎದೆ ಏಳುತ್ತಿರಲಿಲ್ಲ. ಡಾಕ್ಟರು ಓಡಿಬಂದರು. ಆಗಲಿಲ್ಲ. ಹೆಣ್ಣು ಮಗು. ಹೆಸರಿಟ್ಟಿರಲಿಲ್ಲ, ಕಾಲಿನ ಪಟ್ಟಿಯ ಮೇಲೆ ತಾಯಿಯ ಹೆಸರೇ ಇತ್ತು.

ಅದರ ಅಪ್ಪ ಲಾರಿ ಓಡಿಸುತ್ತಾನೆ. ಅವನು ನನ್ನ ಹತ್ತಿರ ಬಂದು, "ನೀವು ಬಹಳ ಕಷ್ಟಪಟ್ರಿ ಸಿಸ್ಟರ್" ಎಂದ. ನಾನು ಇನ್ನೊಂದು ಮಗುವಿನ ಹತ್ತಿರ ಇದ್ದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೇ ಹೇಳಿದೆ. ಅವನು, "ಆ ಮಗು ಚೆನ್ನಾಗಿದೆಯಾ?" ಎಂದು ಕೇಳಿದ.

ವಿಚಾರಣೆ ಆಯಿತು. ನನ್ನ ತಪ್ಪಿಲ್ಲ ಎಂದರು. ತಪ್ಪಿದ್ದರೆ ತಿದ್ದಿಕೊಳ್ಳಬಹುದಿತ್ತು.

ಬರುವ ತಿಂಗಳಿಂದ ನಮ್ಮ ವಾರ್ಡು ಮುಚ್ಚುತ್ತದೆ. ಇಷ್ಟು ಜನರನ್ನು ಇಟ್ಟುಕೊಂಡು ನಡೆಸುವುದು ಅಪಾಯ ಎಂದು ಮೇಲಿನವರು ತೀರ್ಮಾನಿಸಿದರು, ಅದು ಸರಿಯೇ. ಮಕ್ಕಳನ್ನು ಮುಂದಿನ ನಗರಕ್ಕೆ ಕಳಿಸುತ್ತಾರೆ, ತಲುಪುವಷ್ಟು ಗಟ್ಟಿಯಿದ್ದವರನ್ನು. ನನಗೆ ಬೇರೆ ವಾರ್ಡು ಕೊಡುತ್ತೇವೆ ಎಂದರು. ನಾನು ಕೆಲಸ ಬಿಟ್ಟೆ.

ನಿನ್ನ ಒಂದು ಮತದಿಂದ ಇದೆಲ್ಲ ಆಯಿತು ಎಂದು ನಾನು ಹೇಳುವುದಿಲ್ಲ. ಒಂದು ಮತದಿಂದ ಯಾವುದೂ ಆಗುವುದಿಲ್ಲ.

ಶನಿವಾರದ ಬಸ್ಸಿಗೆ ಬರುತ್ತೇನೆ. ಆ ಮಗುವಿನ ವಿಷಯ ಮನೆಯಲ್ಲಿ ಕೇಳಬೇಡ, ಅತ್ತೆಗೂ ಹೇಳು. ನಿಲ್ದಾಣಕ್ಕೆ ಬರುವುದು ಬೇಡ, ಸಾಮಾನು ಹೆಚ್ಚಿಲ್ಲ.

ಪುಟ್ಟಿ


ಡಿಸೆಂಬರ್ 9

ದೊಡ್ಡ ಸಿಸ್ಟರ್ ಅವರಿಗೆ ನಮಸ್ಕಾರ.

ನಿಮ್ಮನ್ನು ಹೀಗೆ ಕರೆಯುವುದಕ್ಕೆ ಕ್ಷಮಿಸಿ. ಮಗಳು ನಿಮ್ಮನ್ನು ಹಾಗೇ ಕರೆಯುತ್ತಿದ್ದಳು. ನಾನು ಅವಳ ತಂದೆ, ಬೇಕರಿಯವನು. ಏಪ್ರಿಲ್ಲಿನಲ್ಲಿ ಬೆಂಚಿನ ಮೇಲೆ ಬನ್ನಿನ ಡಬ್ಬ ಇಟ್ಟುಕೊಂಡು ಕೂತಿದ್ದವನು.

ಅವಳು ಮನೆಗೆ ಬಂದು ಎರಡು ತಿಂಗಳ ಮೇಲಾಯಿತು. ಚೆನ್ನಾಗಿಯೇ ಇದ್ದಾಳೆ. ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ, ಸ್ವಲ್ಪ ಮೈಯೂ ಬಂದಿದೆ. ಬೆಳಿಗ್ಗೆ ಅಂಗಡಿಗೆ ಬಂದು ಬ್ರೆಡ್ಡು ಕತ್ತರಿಸಿ ಪೊಟ್ಟಣ ಕಟ್ಟುತ್ತಾಳೆ. ನನ್ನ ಕೆಲಸದವರಿಗಿಂತ ಚೊಕ್ಕ. ಜೋರಾಗಿ ಮಾತಾಡುವುದಿಲ್ಲ, ಸಿಟ್ಟಾಗುವುದಿಲ್ಲ. ನೋಡಿದವರೆಲ್ಲ "ಮಗಳು ಬಂದ್ಲಲ್ಲ, ಇನ್ನೇನು ನಿಮಗೆ" ಎನ್ನುತ್ತಾರೆ.

ಹೋದ ವಾರ ಒಬ್ಬಾಕೆ ಮಗುವನ್ನು ಎತ್ತಿಕೊಂಡು ಬಂದಳು. ಚೀಲ ಸರಿಮಾಡಿಕೊಳ್ಳಬೇಕಿತ್ತು, "ಒಂಚೂರು ಹಿಡ್ಕೊಳ್ಳಮ್ಮ" ಎಂದು ಮಗುವನ್ನು ಗಲ್ಲಾದ ಮೇಲಿಂದ ನನ್ನ ಮಗಳ ಕಡೆ ಚಾಚಿದಳು. ನನ್ನ ಮಗಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ಹಿಂದೆ ಹಿಂದೆ ಸರಿದು ಕಪಾಟಿಗೆ ತಾಗಿ ನಿಂತಳು. ನನ್ನ ಅಕ್ಕ ಮಗುವನ್ನು ತೆಗೆದುಕೊಂಡಳು. ಆಕೆ ಹೋದ ಮೇಲೆ ನಾನು ಏನೋ ಹೇಳಲು ಹೋದೆ. "ಇನ್ನು ನಾನು ಮಗು ಮುಟ್ಟೋದಿಲ್ಲ ಅಪ್ಪ" ಎಂದಳು. ಬೇಸರದಿಂದಲ್ಲ. ನಾಳೆ ಅಂಗಡಿಗೆ ರಜೆ ಎನ್ನುವ ಹಾಗೆ.

ನಾನು ಬೇಡ ಎಂದು ಹಾಕಿದವನು ಸಿಸ್ಟರ್. ನಿಮಗೆ ಅವಳು ಹೇಳಿರಬಹುದು. ಅವಳು ಮನೆಗೆ ಬರಲಿ ಎಂದು ಹಾಕಿದೆ. ಬಂದಿದ್ದಾಳೆ. ಆದರೆ ನಾನು ಗಾಜಿನಿಂದ ನೋಡಿದವಳು ಇವಳಲ್ಲ.

ಅವಳನ್ನು ಮತ್ತೆ ಕರೆಸಿಕೊಳ್ಳಿ. ನಾನು ಕರೆದುಕೊಂಡು ಬರುತ್ತೇನೆ. ಆ ತೆರಿಗೆ ಬಂದಿದ್ದರೆ ನಾನು ಎಷ್ಟು ಕೊಡಬೇಕಾಗುತ್ತಿತ್ತೋ ಅದರ ಹತ್ತರಷ್ಟು ಕೊಡುತ್ತೇನೆ. ಪೂರ್ತಿ ವಾರ್ಡು ಆಗದಿದ್ದರೆ ಒಂದು ಕೋಣೆಯನ್ನಾದರೂ ತೆರೆಯಿರಿ. ಅವಳು ನಿಂತು ಕೆಲಸ ಮಾಡುವಷ್ಟು ಜಾಗ ಸಾಕು.

ಇತಿ,
ಪುಟ್ಟಿಯ ತಂದೆ


ಜನವರಿ 7

ನಮಸ್ಕಾರ.

ನಿಮ್ಮ ಕಾಗದವನ್ನು ಹಲವು ಸಲ ಓದಿದೆ. ಉತ್ತರ ತಡವಾಯಿತು, ಕ್ಷಮಿಸಿ.

ಕರೆಸಿಕೊಳ್ಳಲು ವಾರ್ಡು ಇಲ್ಲ. ಮಕ್ಕಳ ಪೆಟ್ಟಿಗೆಗಳನ್ನು ಮುಂದಿನ ನಗರಕ್ಕೆ ಸಾಗಿಸಿದರು. ಆ ಕೋಣೆಯಲ್ಲಿ ಈಗ ಮುರಿದ ಮಂಚಗಳನ್ನು ಇಟ್ಟಿದ್ದಾರೆ. ನನ್ನನ್ನು ಹೊರರೋಗಿಗಳ ಚೀಟಿ ಬರೆಯುವ ಕಡೆ ಹಾಕಿದ್ದಾರೆ. ವಾರಕ್ಕೆ ಒಂದೆರಡು ಸಲವಾದರೂ ಯಾರಾದರೂ ಟ್ಯಾಕ್ಸಿಯಲ್ಲಿ ಮಗುವನ್ನು ಚಿಕ್ಕ ಗಂಟಿನ ಹಾಗೆ ಹಿಡಿದುಕೊಂಡು ಬರುತ್ತಾರೆ, ವಾರ್ಡು ಮುಚ್ಚಿದ್ದು ತಿಳಿಯದೆ. ಆಂಬುಲೆನ್ಸು ಸಿಕ್ಕರೆ ಸಿಕ್ಕಿತು. ಇಲ್ಲದಿದ್ದರೆ ಅದೇ ಟ್ಯಾಕ್ಸಿಗೆ ದಾರಿ ತೋರಿಸುತ್ತೇವೆ. ಆಮೇಲೆ ಏನಾಯಿತು ಎಂದು ನಮಗೆ ತಿಳಿಯುವುದಿಲ್ಲ.

ಹಣ ಕೊಡುತ್ತೇನೆ ಎಂದಿದ್ದೀರಿ. ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಒಬ್ಬರು ಎಷ್ಟು ಕೊಟ್ಟರೂ ವಾರ್ಡು ನಡೆಯುವುದಿಲ್ಲ ಯಜಮಾನರೇ. ಅದಕ್ಕೇ ಎಲ್ಲರನ್ನೂ ಸ್ವಲ್ಪ ಸ್ವಲ್ಪ ಕೇಳಿದ್ದು. ಮತ್ತೆ ಯಾವಾಗ ಕೇಳುತ್ತಾರೋ ಗೊತ್ತಿಲ್ಲ. ಒಂದು ಸಲ ಬೇಡ ಎನ್ನಿಸಿಕೊಂಡವರು ಬೇಗ ಕೇಳುವುದಿಲ್ಲ. ಕೇಳಿದರೂ, ಚದುರಿ ಹೋದ ನರ್ಸುಗಳನ್ನು ಮತ್ತೆ ಒಂದೆಡೆ ತರುವುದು ಹಣದಿಂದ ಮಾತ್ರ ಆಗುವ ಕೆಲಸವಲ್ಲ.

ನಿಮಗೆ ಸಮಾಧಾನ ಹೇಳಬೇಕು ಎಂದು ಕೂತೆ. ಸುಳ್ಳು ಹೇಳಲು ಬರಲಿಲ್ಲ. ಒಂದು ಮಾತ್ರ ಹೇಳಬಲ್ಲೆ. ಆ ದಿನ ಗೋಡೆಯ ಪಕ್ಕ ಇದ್ದ ಮಗು ಉಳಿಯಿತು. ಗಂಡು. ಹೋದ ತಿಂಗಳು ಅವನ ತಾಯಿ ತೋರಿಸಲು ಕರೆತಂದಿದ್ದಳು. ಕೆನ್ನೆ ತುಂಬಿಕೊಂಡಿದೆ. "ಆ ಸಿಸ್ಟರ್ ಎಲ್ಲಿ?" ಎಂದು ಕೇಳಿದಳು. ಊರಿಗೆ ಹೋಗಿದ್ದಾಳೆ ಎಂದೆ. ಇದನ್ನು ನಿಮ್ಮ ಮಗಳಿಗೆ ಹೇಳುವುದೋ ಬಿಡುವುದೋ ನೀವೇ ನೋಡಿ. ನನಗೆ ತೋಚುವುದಿಲ್ಲ.

ಅವಳಿಗೆ ಅವಸರ ಮಾಡಬೇಡಿ. ಬ್ರೆಡ್ಡು ಕಟ್ಟಲಿ.

ನಿಮ್ಮ,
ದೊಡ್ಡ ಸಿಸ್ಟರ್


ಫೆಬ್ರವರಿ 15

ದೊಡ್ಡ ಸಿಸ್ಟರ್ ಅವರಿಗೆ,

ನಿಮ್ಮ ಕಾಗದ ಕೈಗೆ ಬಂತು. ಸುಳ್ಳು ಹೇಳದಿದ್ದದ್ದು ಒಳ್ಳೆಯದಾಯಿತು.

ಸಂಘದ ಸಭೆಗೆ ಹೋಗಿದ್ದೆ. ಎದ್ದು ನಿಂತು, ನಾವು ಮಾಡಿದ್ದು ತಪ್ಪಾಯಿತು, ಮತ್ತೆ ಕೇಳಿ ಎಂದು ನಾವೇ ಸರ್ಕಾರಕ್ಕೆ ಬರೆಯೋಣ ಎಂದೆ. ನಾನು ಸಭೆಯಲ್ಲಿ ಮಾತಾಡಿದವನಲ್ಲ. ಯಾರೂ ನಗಲಿಲ್ಲ. ಬಟ್ಟೆ ಅಂಗಡಿಯವರು, "ನಿಮ್ಮ ಮನೆ ಕಷ್ಟ ನಮಗೂ ಗೊತ್ತು, ಕೂತ್ಕೊಳ್ಳಿ, ನೀರು ಕುಡೀರಿ" ಎಂದರು. ಆಮೇಲೆ ರಸ್ತೆಯ ದೀಪದ ವಿಷಯ ಚರ್ಚೆಗೆ ಬಂತು. ಸಭೆ ಮುಗಿದ ಮೇಲೆ ಚಪ್ಪಲಿ ಅಂಗಡಿಯವರೊಬ್ಬರು ಬಂದು, "ಬರೆಯುವುದಾದರೆ ನನ್ನ ಸಹಿ ಹಾಕ್ತೀನಿ" ಎಂದರು. ಇಬ್ಬರಾದೆವು. ನನ್ನ ಅಕ್ಕ ಮೊದಲೇ ನಿಮ್ಮ ಕಡೆ ಇದ್ದಳಂತೆ, ಈಗ ಹೇಳಿದಳು. ಬರೆದು ಕಳಿಸಿದ್ದೇವೆ. ಉತ್ತರ ಬಂದಿಲ್ಲ.

ಆ ಹುಡುಗನ ವಿಷಯ ಮಗಳಿಗೆ ಹೇಳಿದೆ. ಬ್ರೆಡ್ಡಿನ ಕಾಗದ ಮಡಿಸುತ್ತಿದ್ದಳು. ಮಡಿಸುವುದನ್ನು ನಿಲ್ಲಿಸಿ, "ತೂಕ ಎಷ್ಟಂತೆ?" ಎಂದು ಕೇಳಿದಳು. ನೀವು ಬರೆದಿರಲಿಲ್ಲ, ನನಗೆ ಗೊತ್ತಿರಲಿಲ್ಲ. "ಕೆನ್ನೆ ತುಂಬಿಕೊಂಡಿದೆಯಂತೆ" ಎಂದೆ. "ಹ್ಞೂಂ" ಎಂದು ಮತ್ತೆ ಮಡಿಸತೊಡಗಿದಳು. ಸಾಧ್ಯವಾದರೆ ತೂಕ ತಿಳಿಸಿ.

ನಿನ್ನೆ ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಅಕ್ಕ ಒಳಗೆ ಮಲಗಿದ್ದಳು. ನಾವಿಬ್ಬರೇ ಅಂಗಡಿಯಲ್ಲಿದ್ದೆವು, ಅವಳು ಗಾಜನ್ನು ಒರೆಸುತ್ತಿದ್ದಳು. ತಿರುಗದೆಯೇ ಕೇಳಿದಳು, "ಅಪ್ಪ, ನಾನು ಬಂದದ್ದು ನಿನಗೆ ಖುಷಿನಾ?"

ಅದರಲ್ಲಿ ಕೊಂಕು ಇರಲಿಲ್ಲ ಸಿಸ್ಟರ್. ಟೀಗೆ ಸಕ್ಕರೆ ಸಾಕಾ ಎಂದು ಕೇಳುವ ಹಾಗೆ ಕೇಳಿದಳು. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಖುಷಿ ಎಂದರೆ, ಏನೆಲ್ಲ ಆಗಿ ಅವಳು ಬಂದಳೋ ಅದಕ್ಕೂ ಖುಷಿ ಎಂದಂತಾಗುತ್ತದೆ, ಇಲ್ಲ ಎಂದರೆ ಅವಳು ಎಲ್ಲಿಗೆ ಹೋಗಬೇಕು.

"ಒಲೆಯಲ್ಲಿ ಬನ್ನು ಇದೆ, ನೋಡಿ ಬರ್ತೀನಿ" ಎಂದು ಒಳಗೆ ಹೋದೆ. ಒಲೆಯಲ್ಲಿ ಏನೂ ಇರಲಿಲ್ಲ. ಬಾಗಿಲು ತೆಗೆದು ಅದರ ಮುಂದೆ ನಿಂತಿದ್ದೆ. ಅಷ್ಟರಲ್ಲಿ ಹೊರಗೆ ಯಾರೋ ಬಂದರು. ರಸ್ಕು ಇವತ್ತಿನದೇ, ತಾಜಾ ಇದೆ ಎಂದು ಅವಳು ಹೇಳುತ್ತಿದ್ದದ್ದು ಕೇಳಿಸಿತು.

ಇತಿ,
ಪುಟ್ಟಿಯ ತಂದೆ